ಹಾಲು ಕರೆಯುವ ಯಂತ್ರ ತೊಳೆಯೋಕೆ ಬಿಸಿನೀರಿನ ಟ್ಯಾಂಕ್: ನಾನು ಮಾಡಿಸಿಕೊಂಡದ್ದು ಹೀಗೆ

ಹೋದ ಬೇಸಿಗೆಯಲ್ಲಿ ಒಂದೇ ವಾರ ಮೂರು ಸಲ ನಮ್ಮ ಹಾಲು ಡೇರಿಯಿಂದ ವಾಪಸ್ ಬಂತು. ಹುಳಿಯಾಗಿದೆ ಅಂದ್ರು. ನಮ್ಮದು ಎಂಟು ಹಸು. ಯಾವುದಕ್ಕೂ ಕೆಚ್ಚಲುಬಾವು ಇರಲಿಲ್ಲ, ಕೊಟ್ಟಿಗೆಯೂ ಚೊಕ್ಕಟವಾಗಿತ್ತು. ಕೊನೆಗೆ ಯಂತ್ರದ ರಬ್ಬರ್ ಪೈಪನ್ನೇ ಸೀಳಿ ನೋಡಿದೆ. ಒಳಗೆಲ್ಲ ಬೆರಳಿಗೆ ಅಂಟುವ ಹಳದಿ ಜಿಡ್ಡು!

ಸೋಪಿನ ಪುಡಿ ಸರಿಯಾಗೇ ಹಾಕ್ತಿದ್ದೆ. ನೀರು ಮಾತ್ರ ಸಾಕಷ್ಟು ಬಿಸಿ ಇರ್ತಿರಲಿಲ್ಲ. ಬಚ್ಚಲ ಹಂಡೆಯಿಂದ ಹೊತ್ತು ತರುವಷ್ಟರಲ್ಲಿ ಆರಿಹೋಗ್ತಿತ್ತು. ಕರೆದ ಕೂಡಲೇ ಉಗುರುಬೆಚ್ಚಗಿನ ನೀರಲ್ಲಿ ಜಾಲಿಸಬೇಕು, ಆಮೇಲೆ ಸೋಪಿನ ನೀರು 70-75 ಡಿಗ್ರಿಯಲ್ಲಿ ಶುರುವಾಗಬೇಕು. ತೊಳೆದು ಮುಗಿಯುವಾಗಲೂ 40ಕ್ಕಿಂತ ಕೆಳಗಿಳಿದರೆ ಬಿಟ್ಟ ಕೊಬ್ಬು ಮತ್ತೆ ಪೈಪಿಗೇ ಅಂಟುತ್ತೆ. (ಮೊದಲೇ ಕುದಿನೀರು ಹಾಕಬೇಡಿ, ಹಾಲಿನ ಪ್ರೋಟೀನ್ ಬೆಂದು ಕೂರುತ್ತೆ.)

ಯಂತ್ರ, ಕ್ಯಾನು ಎಲ್ಲ ಸೇರಿ ಒಂದು ಹೊತ್ತಿಗೆ 50 ಲೀಟರ್ ಬೇಕಿತ್ತು. ಅದಕ್ಕೆ 100 ಲೀಟರ್ ಟ್ಯಾಂಕ್ ಸಾಕು. ದೊಡ್ಡದು ಮಾಡಿಸಿದರೆ ಬಳಸದ ನೀರನ್ನೂ ಕಾಯಿಸ್ತಾ ಇರಬೇಕಾಗುತ್ತೆ. 100 ಲೀಟರನ್ನು 25ರಿಂದ 75 ಡಿಗ್ರಿಗೆ ತರೋಕೆ ಸುಮಾರು 5.8 ಯೂನಿಟ್ ಕರೆಂಟು ಬೇಕು. 2 ಕಿಲೋವ್ಯಾಟ್ ಹೀಟರಿಗೆ ಅದು ಮೂರು ಗಂಟೆ ಕೆಲಸ. ಇದನ್ನು ತಪ್ಪಿಸೋಕೆ ಆಗಲ್ಲ. ಉಳಿತಾಯ ಏನಿದ್ದರೂ ಕಾದ ನೀರು ಆರದ ಹಾಗೆ ಇಟ್ಟುಕೊಳ್ಳೋದರಲ್ಲಿ.

ಸ್ಟೀಲ್ ಡ್ರಮ್ 42 ಸೆಂ.ಮೀ. ಅಗಲ, 75 ಸೆಂ.ಮೀ. ಎತ್ತರ. ಬರಿಮೈ ಬಿಟ್ಟರೆ 75 ಡಿಗ್ರಿಯಲ್ಲಿ ಗಂಟೆಗೆ ಮುಕ್ಕಾಲು ಯೂನಿಟ್ ಹತ್ತಿರ ಗಾಳಿಪಾಲು. 50 ಮಿ.ಮೀ. ಗಾಜಿನ ಉಣ್ಣೆ ಸುತ್ತಿದರೆ ಸುಮಾರು 50 ವ್ಯಾಟ್ ಅಷ್ಟೇ, ಅಂದ್ರೆ ಅದರ ಹದಿನಾಲ್ಕನೇ ಒಂದು ಭಾಗ. ನಾನು ಮೊದಲು ಗೋಣಿಚೀಲ ಸುತ್ತಿ ಬುದ್ಧಿವಂತ ಅನ್ಕೊಂಡಿದ್ದೆ. ಕೊಟ್ಟಿಗೆ ತೊಳೆದ ನೀರು ಸಿಡಿದು ಅದು ನೆನೆದುಹೋಯ್ತು, ನೆನೆದದ್ದು ಶಾಖ ತಡೆಯಲ್ಲ. ಈಗ ಉಣ್ಣೆಯ ಮೇಲೆ ತಗಡಿನ ಹೊದಿಕೆ ಇದೆ. ಮುಚ್ಚಳಕ್ಕೂ ತಳಕ್ಕೂ ಉಣ್ಣೆ ಹಾಕಿಸಿ, ಅಲ್ಲೇ ಎಲ್ಲರೂ ಮರೆಯೋದು.

ಉದ್ದನೆಯ ಡ್ರಮ್ಮೇ ಏಕೆ? ತಣ್ಣೀರು ಭಾರ, ತಳದಲ್ಲಿ ನಿಲ್ಲುತ್ತೆ. ಬಿಸಿನೀರು ಮೇಲೆ. ತಣ್ಣೀರಿನ ಪೈಪ್ ತಳಕ್ಕೆ ಬರಲಿ, ಬಿಸಿನೀರಿನದು ಮೇಲಿಂದ ಹೊರಡಲಿ. ತಣ್ಣೀರಿನ ಬಾಯಿಗೆ ಅಡ್ಡ ಒಂದು ಸಣ್ಣ ತಗಡು ಬೆಸೆಸಿ, ಇಲ್ಲಾಂದ್ರೆ ರಭಸಕ್ಕೆ ಎರಡೂ ಕಲಸಿಹೋಗುತ್ತೆ. ಬೆಳಗ್ಗೆ 50 ಲೀಟರ್ ತೆಗೆದ ಮೇಲೂ ಮೇಲಿನ ಅರ್ಧ ಬಿಸಿಯಾಗೇ ಇರುತ್ತೆ. ಸಂಜೆ ಕರೆಯೋ ಹೊತ್ತಿಗೆ ಥರ್ಮಾಮೀಟರಲ್ಲಿ ನೋಡಿದೆ, 68 ಡಿಗ್ರಿ. ಹೀಟರ್ ಟೈಮರಿನಲ್ಲಿ ರಾತ್ರಿ ಎರಡಕ್ಕೆ ಒಮ್ಮೆ ಮಾತ್ರ ಶುರುವಾಗುತ್ತೆ. ಸಂಜೆಗೆ ಇನ್ನೊಂದಿಷ್ಟು ಬಿಸಿ ಬೇಕು ಅನ್ನೋರು ಥರ್ಮೋಸ್ಟಾಟನ್ನು 80ಕ್ಕೆ ಇಟ್ಕೊಳ್ಳಿ.

ಒಂದು ವಿಷಯದಲ್ಲಿ ಮಾತ್ರ ಉಡಾಫೆ ಬೇಡ. ಟ್ಯಾಂಕಿನ ನೆತ್ತಿಯಿಂದ ಒಂದು ಬಯಲು ಪೈಪ್, ತಣ್ಣೀರಿನ ತೊಟ್ಟಿಯ ಮಟ್ಟಕ್ಕಿಂತ ಎತ್ತರಕ್ಕೆ ಹೋಗಬೇಕು. ಅದಕ್ಕೆ ವಾಲ್ವ್ ಹಾಕಲೇಬಾರದು. ಥರ್ಮೋಸ್ಟಾಟ್ ಕೈಕೊಟ್ಟ ದಿನ ಆವಿ ಹೋಗೋಕೆ ಅದೊಂದೇ ದಾರಿ. ಅರ್ಥಿಂಗ್ ಮತ್ತು ಕರೆಂಟ್ ಸೋರಿದರೆ ಕಡಿಯುವ ಆರ್‌ಸಿಸಿಬಿ ಬೇಕೇಬೇಕು. ಒದ್ದೆ ನೆಲ, ಬರಿಗಾಲು, ಪಕ್ಕದಲ್ಲೇ ಹಸು.

ನಮ್ಮದು ಗಡಸು ಬೋರ್ ನೀರು. ಮೂರು ತಿಂಗಳಿಗೆ ಹೀಟರ್ ಬಿಚ್ಚಿದಾಗ ಬಿಳಿ ಸುಣ್ಣದ ಪದರ ಕಟ್ಟಿತ್ತು. ನಿಂಬೆ ಉಪ್ಪಿನ ನೀರಲ್ಲಿ ರಾತ್ರಿ ನೆನೆಸಿಟ್ಟೆ, ಬೆಳಗ್ಗೆ ಉಜ್ಜಿದ್ರೆ ಬಿಟ್ಕೊಂಡು ಬಂತು. ಹೀಟರನ್ನು ಬೆಸೆಯದೆ ಮರೆ ಹಾಕಿ ಕೂರಿಸೋಕೆ ವೆಲ್ಡರಿಗೆ ಮೊದಲೇ ಹೇಳಿಡಿ.