‘ಆಯಿತು’ ಎಂದರೆ ಏನಾಯಿತು? – ರೇಡಿಯೊ ಸಂವಹನದ ಶಿಸ್ತು ಮತ್ತು ವ್ಯವಹಾರ

1977ರ ಮಾರ್ಚ್ 27ರಂದು ಸ್ಪೇನ್ ದೇಶಕ್ಕೆ ಸೇರಿದ ಟೆನೆರಿಫ್ ದ್ವೀಪದ ವಿಮಾನ ನಿಲ್ದಾಣದಲ್ಲಿ ಎರಡು ಬೋಯಿಂಗ್ 747 ವಿಮಾನಗಳು ರನ್‌ವೇ ಮೇಲೆಯೇ ಡಿಕ್ಕಿ ಹೊಡೆದು 583 ಮಂದಿ ಮೃತಪಟ್ಟರು. ವಿಮಾನಯಾನದ ಇತಿಹಾಸದಲ್ಲಿ ಇದಕ್ಕಿಂತ ಹೆಚ್ಚಿನ ಜೀವಹಾನಿಯ ಅಪಘಾತ ಮತ್ತೊಂದಿಲ್ಲ. ಅಂದು ನಿಲ್ದಾಣದಲ್ಲಿ ದಟ್ಟ ಮಂಜು ಕವಿದಿತ್ತು. ಆದರೆ ದುರಂತಕ್ಕೆ ಮಂಜಿನಷ್ಟೇ ಕಾರಣವಾದುದು ಕೆಲವು ಅಸ್ಪಷ್ಟ ಮಾತುಗಳು.

ಕೆಎಲ್‌ಎಂ ವಿಮಾನಕ್ಕೆ ಹಾರಾಟದ ಮಾರ್ಗದ ಬಗ್ಗೆ ಮಾತ್ರ ಅನುಮತಿ ದೊರೆತಿತ್ತು. ಮೇಲೇರಲು ಅನುಮತಿ ದೊರೆತಿರಲಿಲ್ಲ. ಸಹಪೈಲಟ್ ಮಾರ್ಗದ ವಿವರವನ್ನು ತಿರುಗಿ ಓದಿ, ‘ನಾವೀಗ ಟೇಕಾಫ್‌ನಲ್ಲಿದ್ದೇವೆ’ ಎಂಬರ್ಥದ ಮಾತೊಂದನ್ನು ಸೇರಿಸಿದರು. ಸಿದ್ಧವಾಗಿ ನಿಂತಿದ್ದೇವೆ ಎಂದೇ? ಓಡಲಾರಂಭಿಸಿದ್ದೇವೆ ಎಂದೇ? ನಿಯಂತ್ರಕರು ಮೊದಲ ಅರ್ಥವನ್ನು ಗ್ರಹಿಸಿ ‘ಓಕೆ’ ಎಂದರು. ಕ್ಷಣ ತಡೆದು ‘ಕಾಯಿರಿ, ನಾನು ಕರೆಯುತ್ತೇನೆ’ ಎಂದರು. ಅದೇ ಗಳಿಗೆಯಲ್ಲಿ, ಇನ್ನೂ ರನ್‌ವೇ ಮೇಲಿದ್ದ ಪ್ಯಾನ್ ಆಮ್ ವಿಮಾನವೂ ತನ್ನ ಇರವನ್ನು ತಿಳಿಸಲು ಮಾತನಾಡಿತು. ಒಂದೇ ತರಂಗಾಂತರದಲ್ಲಿ ಇಬ್ಬರು ಒಟ್ಟಿಗೆ ಮಾತನಾಡಿದ್ದರಿಂದ ಕೆಎಲ್‌ಎಂ ಕಾಕ್‌ಪಿಟ್‌ನಲ್ಲಿ ‘ಓಕೆ’ ಎಂಬುದರ ನಂತರ ಕರ್ಕಶ ಧ್ವನಿ ಆವರಿಸಿತು. ಆ ವೇಳೆಗಾಗಲೇ ವಿಮಾನ ವೇಗ ಪಡೆಯುತ್ತಿತ್ತು.

ಈ ದುರಂತದ ನಂತರ ವಿಮಾನಯಾನದಲ್ಲಿ ಸಂಭಾಷಣೆಯ ನಿಯಮಗಳು ಬಿಗಿಯಾದವು. ‘ಟೇಕಾಫ್’ ಎಂಬ ಪದವನ್ನು ಮೇಲೇರಲು ಅನುಮತಿ ನೀಡುವಾಗ ಅಥವಾ ಅದನ್ನು ರದ್ದುಪಡಿಸುವಾಗ ಮಾತ್ರ ಬಳಸಬೇಕು. ಉಳಿದ ಸಂದರ್ಭಗಳಲ್ಲಿ ‘ಡಿಪಾರ್ಚರ್’ ಎನ್ನಬೇಕು. ಮುಖ್ಯ ಆದೇಶಗಳಿಗೆ ‘ಓಕೆ’ ಎಂದರೆ ಸಾಲದು, ಕೇಳಿದ್ದನ್ನು ಹಾಗೆಯೇ ತಿರುಗಿ ಹೇಳಬೇಕು.

ಒಂದು ಪದಕ್ಕೆ ಒಂದೇ ಅರ್ಥ

ರೇಡಿಯೊ ಸಂವಹನದಲ್ಲಿ ಬಳಕೆಯಲ್ಲಿರುವ ನಿಗದಿತ ಪದಗಳ ತತ್ತ್ವವೇ ಇದು. ವಾಕಿಟಾಕಿಯಲ್ಲಿ ಗುಂಡಿ ಒತ್ತಿದವರು ಕೇಳಿಸಿಕೊಳ್ಳಲಾರರು, ಕೇಳುತ್ತಿರುವವರು ಮಾತನಾಡಲಾರರು. ಆದ್ದರಿಂದ ಸರದಿಯನ್ನು ಸೂಚಿಸುವ ಪದ ಬೇಕು. ‘ಓವರ್’ ಎಂದರೆ ‘ನನ್ನ ಮಾತು ಮುಗಿಯಿತು, ಉತ್ತರಕ್ಕೆ ಕಾಯುತ್ತಿದ್ದೇನೆ’. ‘ಔಟ್’ ಎಂದರೆ ‘ಸಂಭಾಷಣೆಯೇ ಮುಗಿಯಿತು, ಉತ್ತರ ಬೇಕಿಲ್ಲ’. ಚಲನಚಿತ್ರಗಳಲ್ಲಿ ಕೇಳಿಬರುವ ‘ಓವರ್ ಅಂಡ್ ಔಟ್’ ಎಂಬುದು ಅತಿಥಿಯನ್ನು ಒಳಗೆ ಕರೆದು ಬಾಗಿಲು ಹಾಕಿದಂತೆ!

‘ರೋಜರ್’ ಎಂಬುದು ಎಲ್ಲಕ್ಕಿಂತ ಹೆಚ್ಚು ತಪ್ಪಾಗಿ ಬಳಕೆಯಾಗುವ ಪದ. ‘ಸ್ವೀಕರಿಸಲಾಯಿತು’ ಎಂಬರ್ಥದ ಇಂಗ್ಲಿಷ್ ಪದದ ಮೊದಲಕ್ಷರ ‘ಆರ್’. ಹಳೆಯ ಅಕ್ಷರ ಸಂಕೇತಮಾಲೆಯಲ್ಲಿ ಆ ಅಕ್ಷರಕ್ಕೆ ‘ರೋಜರ್’ ಎಂಬ ಹೆಸರಿತ್ತು. 1956ರಲ್ಲಿ ಜಾರಿಗೆ ಬಂದ ಇಂದಿನ ಸಂಕೇತಮಾಲೆಯಲ್ಲಿ ಅದು ‘ರೋಮಿಯೊ’ ಆದರೂ ಹಳೆಯ ಪದ ಉಳಿದುಕೊಂಡಿತು. ‘ರೋಜರ್’ ಎಂದರೆ ಸಂದೇಶ ಪೂರ್ಣವಾಗಿ ತಲುಪಿದೆ ಎಂದಷ್ಟೇ. ಒಪ್ಪಿದ್ದೇನೆ ಎಂದಲ್ಲ, ಮಾಡುತ್ತೇನೆ ಎಂದೂ ಅಲ್ಲ. ‘ಅರ್ಥವಾಯಿತು, ಅದರಂತೆ ಮಾಡುತ್ತೇನೆ’ ಎನ್ನಲು ‘ವಿಲ್ಕೊ’ ಎಂಬ ಬೇರೆ ಪದವಿದೆ. ‘ಸ್ಟ್ಯಾಂಡ್ ಬೈ’ ಎಂದರೆ ಕಾಯಿರಿ ಎಂದು ಮಾತ್ರ. ಅದು ಸಮ್ಮತಿಯೂ ಅಲ್ಲ, ನಿರಾಕರಣೆಯೂ ಅಲ್ಲ. ಮತ್ತೊಮ್ಮೆ ಹೇಳಿ ಎನ್ನಲು ‘ಸೇ ಅಗೇನ್’ ಎನ್ನಬೇಕು. ‘ರಿಪೀಟ್’ ಎಂದರೆ ಫಿರಂಗಿ ದಳದ ಭಾಷೆಯಲ್ಲಿ ‘ಮತ್ತೆ ಗುಂಡು ಹಾರಿಸಿ’ ಎಂಬ ಅರ್ಥ ಬರುತ್ತದೆ.

ಸಂಕಷ್ಟವನ್ನು ತಿಳಿಸಲೂ ನಿಗದಿತ ಪದಗಳಿವೆ. ಪ್ರಾಣಾಪಾಯಕ್ಕೆ ‘ಮೇಡೇ’, ಅದಕ್ಕಿಂತ ಕಡಿಮೆ ತುರ್ತಿಗೆ ‘ಪ್ಯಾನ್ ಪ್ಯಾನ್’. 1990ರ ಜನವರಿಯಲ್ಲಿ ನ್ಯೂಯಾರ್ಕ್ ಸಮೀಪ ಅವಿಯಾಂಕಾ ಸಂಸ್ಥೆಯ ವಿಮಾನವೊಂದು ಇಂಧನ ಬರಿದಾಗಿ ನೆಲಕ್ಕಪ್ಪಳಿಸಿ 73 ಮಂದಿ ಮೃತಪಟ್ಟರು. ಸಿಬ್ಬಂದಿ ‘ಆದ್ಯತೆ’ ಕೋರಿದ್ದರು, ಇಂಧನ ಮುಗಿಯುತ್ತಿದೆ ಎಂದೂ ಹೇಳಿದ್ದರು. ಆದರೆ ‘ತುರ್ತು ಪರಿಸ್ಥಿತಿ’ ಎಂದು ಘೋಷಿಸಲಿಲ್ಲ. ಮಾತು ತಲುಪಿತು, ಅದರ ತೂಕ ತಲುಪಲಿಲ್ಲ.

ನಮ್ಮ ‘ಆಯಿತು’

ಇದೆಲ್ಲ ಆಕಾಶದ ಸಂಗತಿಯೆಂದು ವರ್ತಕರು, ಸಣ್ಣ ಕೈಗಾರಿಕೋದ್ಯಮಿಗಳು ಭಾವಿಸಬೇಕಿಲ್ಲ. ಕನ್ನಡದ ‘ಆಯಿತು’ ಎಂಬ ಪದವನ್ನೇ ಗಮನಿಸಬಹುದು. ‘ನಾಳೆಯೊಳಗೆ ಸರಕು ಕಳುಹಿಸಿ’ ಎಂದಾಗ ಬರುವ ‘ಆಯಿತು’ ಎಂಬ ಉತ್ತರಕ್ಕೆ ಕೇಳಿಸಿತು, ಒಪ್ಪಿದೆ, ಕೆಲಸ ಮುಗಿಯಿತು ಎಂಬ ಮೂರು ಅರ್ಥಗಳೂ ಇವೆ. ಕಾರ್ಖಾನೆಯಲ್ಲಿ ‘ಲೈನ್ ಆಫ್ ಮಾಡಿ’ ಎಂದು ಕೂಗಿದ ರಿಪೇರಿಗಾರನಿಗೆ ‘ಆಯಿತು’ ಎಂಬ ಉತ್ತರ ಬಂದರೆ ಸ್ವಿಚ್ ಆರಿಸಲಾಗಿದೆಯೇ ಅಥವಾ ಆರಿಸಲು ಹೊರಟಿದ್ದಾರೆಯೇ? ಇಲ್ಲಿಯೂ ಪಣಕ್ಕಿರುವುದು ಪ್ರಾಣವೇ.

ಸಂಖ್ಯೆಗಳದೂ ಇದೇ ಕಥೆ. ರೇಡಿಯೊದಲ್ಲಿ ಒಂಬತ್ತನ್ನು ‘ನೈನರ್’ ಎಂದು, ಮೂರನ್ನು ‘ಟ್ರೀ’ ಎಂದು ಉಚ್ಚರಿಸುವುದು ಗದ್ದಲದಲ್ಲಿ ಅಂಕಿ ಬದಲಾಗದಿರಲೆಂದು. ದೂರವಾಣಿಯಲ್ಲಿ ‘ಎಪ್ಪತ್ತು’ ಮತ್ತು ‘ಎಂಬತ್ತು’, ಇಂಗ್ಲಿಷಿನ ‘ಫಿಫ್ಟೀನ್’ ಮತ್ತು ‘ಫಿಫ್ಟಿ’ ಅದಲುಬದಲಾಗುವುದು ಸುಲಭ. ‘ಎಪ್ಪತ್ತು ಚೀಲ, ಏಳು ಸೊನ್ನೆ’ ಎಂದು ಬಿಡಿಸಿ ಹೇಳಿದರೆ ಒಂದು ಲಾರಿ ಸರಕು ಹಿಂತಿರುಗುವುದು ತಪ್ಪೀತು.

ಗೋದಾಮು, ಕ್ರೇನ್, ಲೋಡಿಂಗ್ ಅಂಗಳಗಳಲ್ಲಿ ಈ ಕೆಳಗಿನ ನಾಲ್ಕು ಪದ್ಧತಿಗಳನ್ನು ರೂಢಿಸಿಕೊಳ್ಳಬಹುದು:

1. ‘ಕೇಳಿಸಿತು’, ‘ಮಾಡುತ್ತೇನೆ’, ‘ಮುಗಿದಿದೆ’ – ಈ ಮೂರನ್ನು ಬೇರೆ ಬೇರೆಯಾಗಿಯೇ ಬಳಸುವುದು.

2. ಪ್ರಮಾಣ, ದರ, ದಿನಾಂಕಗಳನ್ನು ಕೇಳಿದವರು ತಿರುಗಿ ಹೇಳುವುದು. ಹೇಳಿದವರು ‘ಸರಿಯಾಗಿದೆ’ ಎನ್ನುವವರೆಗೆ ಆದೇಶ ಪೂರ್ಣವಾಗಿಲ್ಲವೆಂದು ತಿಳಿಯುವುದು.

3. ‘ನಿಲ್ಲಿಸು’ ಎಂಬ ಪದವನ್ನು ಅಪಾಯಕ್ಕೆ ಮೀಸಲಿಡುವುದು. ಅದನ್ನು ಯಾರು ಕೂಗಿದರೂ ಯಂತ್ರ ನಿಲ್ಲಬೇಕು.

4. ಅರ್ಧ ಕೇಳಿಸಿದ ಮಾತಿಗೆ ‘ಹೂಂ’ ಎನ್ನದಿರುವುದು. ಮತ್ತೊಮ್ಮೆ ಕೇಳುವುದು ಅವಮಾನವಲ್ಲ.

ವಾಕಿಟಾಕಿ ಕೊಳ್ಳುವವರು ಕಾನೂನನ್ನೂ ಗಮನಿಸಬೇಕು. 446.0ರಿಂದ 446.2 ಮೆಗಾಹರ್ಟ್ಸ್ ವ್ಯಾಪ್ತಿಯ ಅಲ್ಪಶಕ್ತಿಯ ಉಪಕರಣಗಳಿಗೆ 2018ರ ನಿಯಮಗಳಲ್ಲಿ ಪರವಾನಗಿಯಿಂದ ವಿನಾಯಿತಿ ನೀಡಲಾಯಿತಾದರೂ ಉಪಕರಣಕ್ಕೆ ಮಾದರಿ ಅನುಮೋದನೆ ಇರಬೇಕು. ಅಂತರ್ಜಾಲ ಮಳಿಗೆಗಳಲ್ಲಿ ಇವುಗಳ ಅಕ್ರಮ ಮಾರಾಟ ತಡೆಯಲು 2025ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಮಾರ್ಗಸೂಚಿ ಹೊರಡಿಸಿದೆ.

ಉಪಕರಣಕ್ಕೆ ಹಣ ಬೇಕು; ಶಿಸ್ತಿಗೆ ಖರ್ಚಿಲ್ಲ. ಕೇಳಿದ್ದನ್ನು ತಿರುಗಿ ಹೇಳಲು ಹಿಡಿಯುವುದು ಐದು ಸೆಕೆಂಡು. ಟೆನೆರಿಫ್‌ನಲ್ಲಿ ಆ ಮಂಜಿನ ಸಂಜೆ ಕೊರತೆಯಾದದ್ದು ಆ ಐದು ಸೆಕೆಂಡುಗಳ ತಾಳ್ಮೆಯೇ.