‘ಕಾಲುವಿ ಐತಲ್ಲ, ಮತ್ಯಾಕ ಈಜುಕೊಳ?’

ನಮ್ಮ ಕಡೆ ಈಜುಕೊಳದ ಮಾತು ತೆಗೆದರೆ ಎರಡು ಉತ್ತರ ಸಿದ್ಧವಾಗಿರುತ್ತವೆ. ಒಂದು, ‘ಕಾಲುವಿ ಐತಲ್ಲವಾ, ಮತ್ಯಾಕ ಈಜುಕೊಳ?’ ಇನ್ನೊಂದು, ‘ಕುಡ್ಯಾಕ ನೀರಿಲ್ಲ, ಈಜಾಕ ನೀರು ಬೇಕಂತ!’ ಮೊದಲನೆಯದು ಕಾಲುವೆ ನೀರು ಬರುವ ಊರಿನವರ ಮಾತು, ಎರಡನೆಯದು ಬಾರದ ಊರಿನವರದು. ಸಿಂಧನೂರು, ಮಸ್ಕಿ, ಲಿಂಗಸುಗೂರು ತಾಲ್ಲೂಕುಗಳಲ್ಲಿ ಈ ಎರಡೂ ಬಗೆಯ ಊರುಗಳು ಅಕ್ಕಪಕ್ಕದಲ್ಲೇ ಇವೆ. ನಾನು ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿನಿ. ಎರಡೂ ಮಾತುಗಳನ್ನು ಒಮ್ಮೆ ಲೆಕ್ಕಕ್ಕೆ ಹಚ್ಚಿ ನೋಡೋಣ ಅನ್ನಿಸಿತು.

ಮೊದಲು ಕಾಲುವೆ. ತುಂಗಭದ್ರಾ ಎಡದಂಡೆ ಕಾಲುವೆ ಎಂದರೆ ನಮಗೆ ಅನ್ನ. ಅದರ ಬಗ್ಗೆ ಕೆಟ್ಟದ್ದು ಆಡಿದರೆ ಅಪ್ಪನೇ ಸುಮ್ಮನಿರುವುದಿಲ್ಲ. ಆದರೆ ಅದನ್ನು ಕಟ್ಟಿದ್ದು ನೀರು ಸಾಗಿಸಲಿಕ್ಕೆ, ಮನುಷ್ಯರು ಇಳಿಯಲಿಕ್ಕಲ್ಲ. ಎರಡೂ ಬದಿ ಇಳಿಜಾರಾದ ಕಾಂಕ್ರೀಟ್ ಮೈ. ನೀರು ಸಲೀಸಾಗಿ ಹರಿಯಲಿ, ಸೋರದಿರಲಿ ಎಂದು ಅದನ್ನು ನುಣುಪಾಗಿ ಮಾಡಿರುತ್ತಾರೆ. ಅದರ ಮೇಲೆ ಪಾಚಿ ಕಟ್ಟಿತೆಂದರೆ ಕಾಲು ನಿಲ್ಲುವುದಿಲ್ಲ, ಕೈಗೆ ಹಿಡಿಯಲು ಒಂದು ಬೇರೂ ಸಿಗುವುದಿಲ್ಲ. ಸೆಕೆಂಡಿಗೆ 1 ಮೀಟರ್ ಹರಿವು ಎಂದರೆ ದಂಡೆಯ ಮೇಲಿಂದ ನೋಡುವವರಿಗೆ ನಡಿಗೆಯ ವೇಗ, ಏನೂ ಅನ್ನಿಸುವುದಿಲ್ಲ. ಈಗಷ್ಟೇ ಈಜು ಕಲಿತ ಹುಡುಗ ಸೆಕೆಂಡಿಗೆ ಅರ್ಧ ಮೀಟರ್ ಈಜಿದರೆ ಹೆಚ್ಚು. ಅಂದರೆ ಅವನು ಎಷ್ಟು ಕೈ ಬಡಿದರೂ ಹಿಂದಕ್ಕೇ ಹೋಗುತ್ತಿರುತ್ತಾನೆ. ಮುಂದೆ ಎಲ್ಲೋ ತೂಬು, ಇಲ್ಲವೇ ನೀರು ಧುಮುಕುವ ಡ್ರಾಪ್. ಈಜು ಬಲ್ಲವರೂ ಕಾಲುವೆಯಲ್ಲಿ ಸಾಯುತ್ತಾರೆ ಅನ್ನುವುದಕ್ಕೆ ಇದೇ ಕಾರಣ, ‘ಜಲದೇವಿ ಎಳಕೊಂಡ್ಳು’ ಅನ್ನುವುದಲ್ಲ.

ಕಾಲುವೆಗೂ ಮೊದಲು ನಮ್ಮ ಕಡೆ ಈಜು ಕಲಿಸುತ್ತಿದ್ದದ್ದು ಹೊಲದ ಬಾವಿ. ಬೆನ್ನಿಗೆ ಬೆಂಡು ಅಥವಾ ಒಣ ಸೋರೆಬುರುಡೆ ಕಟ್ಟಿ, ಮುಂದೆ ಪ್ಲಾಸ್ಟಿಕ್ ಕ್ಯಾನ್ ಬಂದ ಮೇಲೆ ಅದನ್ನು ಕಟ್ಟಿ, ದೊಡ್ಡಪ್ಪನೋ ಸೋದರಮಾವನೋ ಹುಡುಗರನ್ನು ನೀರಿಗೆ ನೂಕುತ್ತಿದ್ದರು. ಬಾವಿಯಲ್ಲಿ ನೀರು ನಿಂತಿರುತ್ತದೆ, ಮೆಟ್ಟಿಲಿರುತ್ತವೆ, ಮೇಲೆ ಒಬ್ಬ ಹಿರಿಯ ಕುಳಿತಿರುತ್ತಾನೆ. ಸುರಕ್ಷತೆಯ ಮೂರೂ ನಿಯಮ ಅಲ್ಲೇ ಇದ್ದವು. ಬೋರ್‌ವೆಲ್ ಬಂತು, ಬಾವಿಗಳು ಒಣಗಿದವು, ಕೆಲವಕ್ಕೆ ಕಸ ತುಂಬಿದರು. ಬಾವಿಯ ಜೊತೆಗೆ ಕಲಿಸುವ ಹಿರಿಯನೂ ಹೋದ. ಈಗಿನ ಹುಡುಗರು ತಮ್ಮ ವಾರಗೆಯವರ ಜೊತೆ ಕಾಲುವೆಗೋ ಕಲ್ಲು ಕ್ವಾರಿಯ ಹೊಂಡಕ್ಕೋ ಹೋಗುತ್ತಾರೆ. ಹತ್ತು ವರ್ಷದವನಿಗೆ ಹನ್ನೆರಡು ವರ್ಷದವನೇ ಗುರು.

ಇಷ್ಟೂ ಹುಡುಗರ ಮಾತಾಯಿತು. ಬಾವಿ ಇದ್ದಾಗಲೂ ಹುಡುಗಿಯರು ಮೇಲೆ ನಿಂತು ನೋಡುತ್ತಿದ್ದರು, ಅಷ್ಟೆ. ನಮ್ಮಣ್ಣ ಒಂಬತ್ತನೇ ವಯಸ್ಸಿಗೆ ಕಾಲುವೆಯಲ್ಲಿ ಈಜು ಕಲಿತ. ಅವ್ವನಿಗೆ ಈಜು ಬಾರದು, ತಂಗಿಗೂ ಬಾರದು. ಆದರೆ ಬಟ್ಟೆ ಒಗೆಯಲು, ಕೊಡ ತುಂಬಲು ಕಾಲುವೆಗೆ ಇಳಿಯುವವರು ಯಾರು? ಒಬ್ಬಾಕೆ ಜಾರುತ್ತಾಳೆ, ಹಿಡಿಯಲು ಹೋದ ಇನ್ನೊಬ್ಬಾಕೆಯೂ ಹೋಗುತ್ತಾಳೆ. ಜಿಲ್ಲಾ ಪುಟದಲ್ಲಿ ಇಂಥ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ಸೆರಗನ್ನೋ ದುಪಟ್ಟಾವನ್ನೋ ಎಸೆದು ದಂಡೆಯ ಮೇಲೆ ಮಲಗಿ ಎಳೆಯಬೇಕು, ತಾನು ನೀರಿಗಿಳಿಯಬಾರದು ಎಂಬ ಒಂದೇ ಪಾಠವನ್ನು ಯಾವ ಶಾಲೆಯಲ್ಲೂ ನನಗೆ ಯಾರೂ ಹೇಳಿಕೊಡಲಿಲ್ಲ.

ದೇಶದಲ್ಲಿ ವರ್ಷಕ್ಕೆ ಸುಮಾರು 38 ಸಾವಿರ ಜನ ನೀರಿನಲ್ಲಿ ಮುಳುಗಿ ಸಾಯುತ್ತಾರೆ. ಆರು ವರ್ಷ ದಾಟಿದ ಮಕ್ಕಳಿಗೆ ಈಜು ಮತ್ತು ನೀರಿನ ಎಚ್ಚರ ಕಲಿಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಲೇ ಇದೆ. 2021ರಿಂದ ಜುಲೈ 25ನ್ನು ಮುಳುಗುಸಾವು ತಡೆ ದಿನವೆಂದು ವಿಶ್ವಸಂಸ್ಥೆ ಆಚರಿಸುತ್ತಿದೆ. ನಮ್ಮಲ್ಲಿ ಕಾಲುವೆಗೆ ನೀರು ಬಿಡುವ ದಿನಗಳೂ ಹೆಚ್ಚುಕಡಿಮೆ ಅವೇ.

ಇನ್ನು ಎರಡನೇ ಮಾತು, ನೀರಿಲ್ಲ ಅನ್ನುವುದು. ಇದನ್ನು ನಕ್ಕು ತಳ್ಳಿಹಾಕುವ ಧೈರ್ಯ ನನಗಿಲ್ಲ. 2020ರಲ್ಲಿ ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರಿನಲ್ಲಿ ರೈತರು ಧರಣಿ ಕೂತದ್ದು ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ, ಅಂದರೆ ನೀರಿಗಾಗಿಯೇ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ ಇಡೀ ಜಿಲ್ಲೆಗೆ ನಿದ್ದೆ ಬರಲಿಲ್ಲ. ಇಂಥ ಕಡೆ ನಿಂತು ‘ಈಜುಕೊಳ ಕೊಡಿ’ ಅನ್ನಬೇಕಾದರೆ ಕೈಯಲ್ಲಿ ಲೆಕ್ಕ ಇರಬೇಕು.

ಲೆಕ್ಕ ಹೀಗಿದೆ. 25 ಮೀಟರ್ ಉದ್ದ, 12.5 ಮೀಟರ್ ಅಗಲ, ಸರಾಸರಿ 1.35 ಮೀಟರ್ ಆಳದ ಕೊಳ ತುಂಬಲು ಸುಮಾರು 4.2 ಲಕ್ಷ ಲೀಟರ್ ಬೇಕು. ಕೇಳಲು ಭಯಂಕರ ಸಂಖ್ಯೆ. ಈಗ ನಮ್ಮ ನೀರಾವರಿ ಪಠ್ಯಪುಸ್ತಕ ತೆಗೆಯಿರಿ. ಭತ್ತದ ಒಂದು ಬೆಳೆಗೆ 120 ಸೆಂಟಿಮೀಟರ್ ನೀರು ಎಂದು ಬರೆದಿದೆ. ಒಂದು ಗುಂಟೆಗೆ ಅದು ಸುಮಾರು 1.2 ಲಕ್ಷ ಲೀಟರ್ ಆಯಿತು. ಅಂದರೆ ಕೊಳ ತುಂಬುವ ನೀರು ಮೂರೂವರೆ ಗುಂಟೆ ಭತ್ತದ ನೀರು! ಕೊಳದ ನೀರನ್ನು ದಿನಾ ಬದಲಿಸುವುದಿಲ್ಲ, ಫಿಲ್ಟರ್ ಮಾಡಿ ಅದನ್ನೇ ತಿರುಗಿಸುತ್ತಾರೆ. ನಮ್ಮ ಬಿಸಿಲಿಗೆ ದಿನಕ್ಕೆ 8 ಮಿಲಿಮೀಟರ್ ಆವಿಯಾಗುತ್ತದೆ ಎಂದು ಧಾರಾಳವಾಗಿ ಹಿಡಿದೆ. ವಾರಕ್ಕೆರಡು ಸಲ ಫಿಲ್ಟರ್ ತೊಳೆಯುವ ನೀರು, ಚೆಲ್ಲುವ ನೀರು ಎಲ್ಲ ಸೇರಿಸಿದೆ. ಇಡೀ ವರ್ಷದ ಖರ್ಚು 22 ಲಕ್ಷ ಲೀಟರ್ ಸುತ್ತಮುತ್ತ ಬಂತು. ಅರ್ಧ ಎಕರೆ ಭತ್ತಕ್ಕೆ ಒಂದು ಬೆಳೆಯಲ್ಲಿ ಇದಕ್ಕಿಂತ ತುಸು ಹೆಚ್ಚೇ ಬೇಕು. ಫಿಲ್ಟರ್ ತೊಳೆದ ನೀರನ್ನು ಒಂದೆರಡು ದಿನ ತೊಟ್ಟಿಯಲ್ಲಿ ಬಿಸಿಲಿಗೆ ಬಿಟ್ಟರೆ ಕ್ಲೋರಿನ್ ಇಳಿಯುತ್ತದೆ, ಪಾರ್ಕಿನ ಗಿಡಗಳಿಗೆ ಹಾಕಬಹುದು. ಈ ಲೆಕ್ಕವನ್ನು ಅಪ್ಪನಿಗೆ ತೋರಿಸಿದಾಗ ಅವರು ಹಾಳೆಯನ್ನು ತಿರುಗಿಸಿ ಹಿಂದೆ ಏನಾದರೂ ಇದೆಯಾ ಎಂದು ನೋಡಿದರು.

ಹಾಗಾದರೆ ನೀರಲ್ಲ, ದುಡ್ಡೇ ತೊಡಕು ಅನ್ನಬಹುದು. ಅದೂ ಪೂರ್ತಿ ನಿಜವಲ್ಲ. ಎಡವುವುದು ಎಲ್ಲಿ ಅನ್ನುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಓದಲು ಬಂದ ಊರಿನಲ್ಲಿ ಒಂದು ಸರ್ಕಾರಿ ಈಜುಕೊಳವಿತ್ತು. ಸಂಜೆ ಒಂದು ತಾಸು ಹೆಂಗಸರಿಗೆ ಮೀಸಲು, ಕಲಿಸಲು ಒಬ್ಬ ಮೇಡಂ. ಹತ್ತೊಂಬತ್ತನೇ ವಯಸ್ಸಿನಲ್ಲಿ ನಾನು ಮೊದಲ ಸಲ ಸೊಂಟಕ್ಕಿಂತ ಮೇಲೆ ನೀರು ಬರುವಲ್ಲಿ ನಿಂತೆ. ಮೊದಲ ವಾರ ಬರೀ ಉಸಿರು ಬಿಡುವುದು, ಕಂಬಿ ಹಿಡಿದು ಕಾಲು ಬಡಿಯುವುದು. ನಲವತ್ತು ದಾಟಿದ ಅಕ್ಕನೊಬ್ಬಳು ನನ್ನ ಪಕ್ಕದಲ್ಲೇ ಕಲಿಯುತ್ತಿದ್ದಳು, ಮೊದಲ ಸಲ ತೇಲಿದ ದಿನ ಅತ್ತುಬಿಟ್ಟಳು. ಎರಡು ತಿಂಗಳಿಗೆ ನಾನು ಕೊಳದ ಅಗಲವನ್ನು ನಿಲ್ಲದೆ ದಾಟಿದೆ. ಮುಂದಿನ ವರ್ಷ ಹೋದರೆ ಗೇಟಿಗೆ ಬೀಗ. ಪಂಪ್ ಸುಟ್ಟಿದೆ, ದುರಸ್ತಿಗೆ ಬರೆದು ಕಳಿಸಿದ್ದೇವೆ, ಮೇಲಿಂದ ಬಂದಿಲ್ಲ ಎಂದು ಕಾವಲುಗಾರ ಹೇಳಿದ. ಒಳಗೆ ನೀರು ಹಸಿರಾಗಿ ನಿಂತಿತ್ತು, ಸೊಳ್ಳೆ ಮೊಟ್ಟೆಯಿಡುತ್ತಿತ್ತು. ಅಷ್ಟು ದುಡ್ಡು ಸುರಿದು ಕಟ್ಟಿದ ಕೊಳ ನಿಂತದ್ದು ಒಂದು ಮೋಟಾರ್ ರಿವೈಂಡಿಂಗ್‌ಗಾಗಿ.

ನಮ್ಮ ವ್ಯವಸ್ಥೆಯಲ್ಲಿ ಕಟ್ಟುವ ದುಡ್ಡಿಗೆ ದಾರಿಗಳಿವೆ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ 371(ಜೆ) ವಿಧಿಯಡಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ, ಪ್ರತಿ ವರ್ಷ ಕ್ರಿಯಾಯೋಜನೆ ಮಾಡುತ್ತದೆ. ಕೇಂದ್ರದ ಖೇಲೋ ಇಂಡಿಯಾ ಇದೆ. ನಗರಸಭೆ, ಪುರಸಭೆಗಳ ಸ್ವಂತ ಅನುದಾನವಿದೆ. ಕಟ್ಟಡಕ್ಕೆ ಶಂಕುಸ್ಥಾಪನೆ ಇರುತ್ತದೆ, ಉದ್ಘಾಟನೆ ಇರುತ್ತದೆ, ಫಲಕದಲ್ಲಿ ಹೆಸರಿರುತ್ತದೆ. ಕ್ಲೋರಿನ್ ಖರೀದಿಗೆ ಯಾರೂ ಫಲಕ ಹಾಕಿಸುವುದಿಲ್ಲ. ಹೊಸದು ಕಟ್ಟುವುದಿರಲಿ, ಇದ್ದದ್ದನ್ನು ಸುಧಾರಿಸುವುದಿರಲಿ, ಕಡತ ಶುರುವಾಗಬೇಕಾದ್ದು ಕಾಂಕ್ರೀಟಿನಿಂದಲ್ಲ, ತಿಂಗಳ ಖರ್ಚಿನಿಂದ ಅನ್ನುವುದು ನನ್ನ ವಾದ.

ಆ ಖರ್ಚನ್ನೂ ಅಂದಾಜು ಮಾಡಿದೆ. ಆರು ತಾಸಿಗೊಮ್ಮೆ ಇಡೀ ನೀರು ಫಿಲ್ಟರ್ ದಾಟಬೇಕೆಂದರೆ ಗಂಟೆಗೆ 70 ಸಾವಿರ ಲೀಟರ್ ತಳ್ಳುವ ಪಂಪ್ ಬೇಕು, ಏಳೂವರೆ ಎಚ್‌ಪಿ ಸಾಕು. ಯೂನಿಟ್‌ಗೆ 8 ರೂಪಾಯಿ ಹಿಡಿದರೆ ಹಗಲೂ ರಾತ್ರಿ ಓಡಿದರೂ ಕರೆಂಟು ತಿಂಗಳಿಗೆ 30 ಸಾವಿರ ರೂಪಾಯಿ. ಕ್ಲೋರಿನ್, ನೀರು ಪರೀಕ್ಷೆಯ ಕಿಟ್‌ಗೆ 10 ಸಾವಿರ. ಇಬ್ಬರು ತರಬೇತುದಾರರು, ಅದರಲ್ಲಿ ಒಬ್ಬರು ಮಹಿಳೆ, ಒಬ್ಬ ಪಂಪ್ ಆಪರೇಟರ್, ಒಬ್ಬ ಕಾವಲುಗಾರ. ತಲಾ 18 ಸಾವಿರ ಸಂಬಳ ಹಿಡಿದರೆ 72 ಸಾವಿರ. ಮೋಟಾರ್ ಸುಟ್ಟರೆ ‘ಮೇಲಕ್ಕೆ’ ಬರೆಯುವ ಪಾಡು ಬೇಡವೆಂದು ತಿಂಗಳಿಗೆ 10 ಸಾವಿರ ಎತ್ತಿಡಬೇಕು. ವರ್ಷಕ್ಕೆ ಒಟ್ಟು 15 ಲಕ್ಷದ ಹತ್ತಿರ. ತಿಂಗಳಿಗೆ 300 ರೂಪಾಯಿ ಕೊಡುವ 200 ಮಂದಿ ಸಿಕ್ಕರೆ ಅರ್ಧ ಖರ್ಚು ಹೊರಬೀಳುತ್ತದೆ. ಸರ್ಕಾರಿ ಶಾಲೆ ಮಕ್ಕಳಿಗೆ ಉಚಿತ ಅನ್ನಬೇಕಾದರೆ ಉಳಿದರ್ಧವನ್ನು ಯಾರಾದರೂ ಹೊರಬೇಕು.

ಇಲ್ಲಿ ಒಂದು ಬಾಗಿಲು ತಟ್ಟಬಹುದು. ಲಿಂಗಸುಗೂರು ತಾಲ್ಲೂಕಿನಲ್ಲೇ ಹಟ್ಟಿ ಚಿನ್ನದ ಗಣಿ ಇದೆ, ರಾಜ್ಯ ಸರ್ಕಾರದ್ದೇ ಕಂಪನಿ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ಕೊಡಬೇಕು. ಯಾವ್ಯಾವುದಕ್ಕೆ ಕೊಡಬಹುದು ಎಂಬ ಪಟ್ಟಿಯಲ್ಲಿ ಗ್ರಾಮೀಣ ಕ್ರೀಡೆ, ಒಲಿಂಪಿಕ್ ಕ್ರೀಡೆಗಳ ತರಬೇತಿ ಇದೆ. ಗಮನಿಸಿ, ಪಟ್ಟಿಯಲ್ಲಿರುವ ಪದ ‘ತರಬೇತಿ’. ಈಜು ಒಲಿಂಪಿಕ್ ಕ್ರೀಡೆಯೇ ತಾನೆ? ತರಬೇತುದಾರರ ಸಂಬಳವನ್ನು ಐದೋ ಹತ್ತೋ ವರ್ಷಕ್ಕೆ ಕೇಳಲು ಇದಕ್ಕಿಂತ ಸರಿಯಾದ ತಲೆಬರಹ ಸಿಗದು.

ಮೂರೂ ಊರಿಗೆ ಒಂದೊಂದು ದೊಡ್ಡ ಕೊಳ ಬೇಕೇ? ಬೇಡ ಅನ್ನುತ್ತೇನೆ, ನನ್ನ ಗೆಳತಿಯರು ಒಪ್ಪುವುದಿಲ್ಲ. ಮಂಗಳೂರಿನ ಎಮ್ಮೆಕೆರೆಯಲ್ಲಿ ಸ್ಮಾರ್ಟ್ ಸಿಟಿ ದುಡ್ಡಿನಲ್ಲಿ ಅಂತರರಾಷ್ಟ್ರೀಯ ಮಟ್ಟದ ಈಜುಕೊಳವಾಗಿದೆ. ನಮ್ಮ ನಾಯಕರೂ ವೇದಿಕೆ ಹತ್ತಿದರೆ ‘ಒಲಿಂಪಿಕ್ ಮಾದರಿ’ ಅನ್ನುತ್ತಾರೆ. 50 ಮೀಟರಿನ, 2 ಮೀಟರ್ ಆಳದ ಕೊಳದಲ್ಲಿ ನಾಲ್ಕನೇ ತರಗತಿ ಮಗು ನಿಲ್ಲುವುದೆಲ್ಲಿ? ನಮಗೆ ಬೇಕಾದ್ದು ಕಲಿಯುವ ಕೊಳ. ಲಿಂಗಸುಗೂರು, ಮಸ್ಕಿ, ಸಿಂಧನೂರು ಒಂದೇ ಹೆದ್ದಾರಿಯ ಮೇಲಿವೆ. 2011ರಲ್ಲೇ 75 ಸಾವಿರ ಜನಸಂಖ್ಯೆಯಿದ್ದ ಸಿಂಧನೂರಿನಲ್ಲಿ ಒಂದು 25 ಮೀಟರಿನ ಕೊಳ ಇರಲಿ. ಮಸ್ಕಿಗೂ ಲಿಂಗಸುಗೂರಿಗೂ ಬಿಚ್ಚಿ ಜೋಡಿಸುವ ಕೊಳ ಸಾಕು. 12 ಮೀಟರ್ ಉದ್ದ, 6 ಮೀಟರ್ ಅಗಲ, ಎದೆಮಟ್ಟದ 0.9 ಮೀಟರ್ ನೀರು. 65 ಸಾವಿರ ಲೀಟರ್, 13 ಟ್ಯಾಂಕರ್. ಶಾಲೆಯ ಬಯಲಿನಲ್ಲಿ ಎರಡು ತಿಂಗಳು ಇಟ್ಟು ಮುಂದಿನ ಊರಿಗೆ ಒಯ್ಯಬಹುದು. ತರಬೇತುದಾರರೂ ಅದರ ಜೊತೆ ಬಸ್ ಹತ್ತುತ್ತಾರೆ. ಇದು ನನ್ನ ತಲೆಯಿಂದ ಉದುರಿದ್ದಲ್ಲ. ಬಾಂಗ್ಲಾದೇಶದ ‘ಸ್ವಿಮ್‌ಸೇಫ್’ ಕಾರ್ಯಕ್ರಮ ಹಳ್ಳಿಯ ಕೊಳಗಳಲ್ಲಿ ಬಿದಿರಿನ ಅಟ್ಟಣೆ ಕಟ್ಟಿ, ಢಾಕಾದಲ್ಲಿ ಇಂಥ ಬಿಚ್ಚಿ ಜೋಡಿಸುವ ಕೊಳಗಳನ್ನಿಟ್ಟು ಲಕ್ಷಾಂತರ ಮಕ್ಕಳಿಗೆ ಈಜು ಕಲಿಸಿದೆ.

ಎಷ್ಟೇ ಕೊಳ ಬಂದರೂ ಕಾಲುವೆಗೆ ಜನ ಇಳಿಯುವುದು ನಿಲ್ಲುವುದಿಲ್ಲ. ಊರ ಹತ್ತಿರ, ಬಟ್ಟೆ ಒಗೆಯುವ ಜಾಗಗಳಲ್ಲಿ ಮೆಟ್ಟಿಲು, ದಂಡೆಗೆ ಬಿಗಿದು ನೀರಿಗೆ ಇಳಿಬಿಟ್ಟ ಸರಪಳಿ, ತೂಬಿಗೆ ಮೊದಲು ಅಡ್ಡಲಾಗಿ ಒಂದು ಹಗ್ಗ ಮತ್ತು ತೇಲುವ ಡ್ರಮ್ಮುಗಳು ಬೇಕು. ಕಾಲುವೆ ನಿಂತಿರುವ ಬೇಸಿಗೆಯೇ ಇದಕ್ಕೆ ಸಮಯ.

ನಗರಸಭೆ, ಪುರಸಭೆಗಳು ಬಜೆಟ್‌ಗೆ ಮೊದಲು ಸಾರ್ವಜನಿಕರ ಸಲಹಾ ಸಭೆ ಕರೆಯುತ್ತವೆ. ಅಲ್ಲಿಗೆ ಹೆಚ್ಚಾಗಿ ಚರಂಡಿ, ಬೀದಿದೀಪದ ಮಾತಿನವರೇ ಬರುತ್ತಾರೆ. ಅವೂ ಬೇಕಾದವೇ. ಈ ಸಲ ನಾನು ಎರಡು ಹಾಳೆ ಒಯ್ಯುತ್ತಿದ್ದೇನೆ. ಒಂದರಲ್ಲಿ ಗುಂಟೆ ಲೆಕ್ಕ, ಇನ್ನೊಂದರಲ್ಲಿ ತಿಂಗಳ ಖರ್ಚು. ಎರಡನೇ ಹಾಳೆಯ ಕೊನೆಗೆ ತಂಗಿ ತನ್ನ ಕೈಯಾರೆ ಒಂದು ಸಾಲು ಸೇರಿಸಿದ್ದಾಳೆ: ಹುಡುಗಿಯರ ಬ್ಯಾಚ್ ಸಂಜೆ ನಾಲ್ಕೂವರೆಗೆ ಇರಲಿ, ಆರಕ್ಕೆ ನಮ್ಮೂರಿನ ಕೊನೇ ಬಸ್ಸು.