ಎರಡು ಕುದುರೆಗಳೂ ಒಂಟಿ ರಾಜನೂ

ಚದುರಂಗದ ಮಣೆಯ ಮೇಲೆ ಕಪ್ಪು ರಾಜನೊಬ್ಬನೇ ಉಳಿದಿದ್ದಾನೆ. ಎದುರಿಗೆ ಬಿಳಿಯ ರಾಜನೂ ಎರಡು ಕುದುರೆಗಳೂ ಇವೆ. ಒಂದೇ ಆನೆಯಿಂದ ಗೆಲ್ಲಬಹುದಾದಲ್ಲಿ ಎರಡು ಕುದುರೆಗಳಿಂದ ಗೆಲ್ಲಲಾಗದೆ ಎಂದು ವಾಚಕರು ಕೇಳಬಹುದು. ಎದುರಾಳಿಯು ತಪ್ಪದೆ ಆಡಿದರೆ ಗೆಲ್ಲಲಾಗದು.

ಕಾರಣವನ್ನು ಮಣೆಯ ಮೇಲೆಯೇ ನೋಡೋಣ. ಬಿಳಿಯ ಆಟಗಾರನ ಎಡದಿಂದ ನೀಳಸಾಲುಗಳನ್ನು ಎ, ಬಿ, ಸಿ, ಡಿ, ಇ, ಎಫ್, ಜಿ, ಎಚ್ ಎಂದು ಕರೆದು, ಅವನ ಕಡೆಯಿಂದ ಅಡ್ಡಸಾಲುಗಳನ್ನು 1ರಿಂದ 8ರವರೆಗೆ ಎಣಿಸುವುದು ರೂಢಿ. ಕಪ್ಪು ರಾಜನು ಜಿ8ರಲ್ಲಿಯೂ ಬಿಳಿಯ ರಾಜನು ಎಚ್6ರಲ್ಲಿಯೂ ಕುದುರೆಗಳು ಡಿ5, ಇ5ರಲ್ಲಿಯೂ ಇರಲಿ. ಡಿ5ರ ಕುದುರೆಯು ಎಫ್6ಕ್ಕೆ ನೆಗೆದು ಶಹ ಕೊಡುತ್ತದೆ. ಕಪ್ಪು ರಾಜನಿಗೆ ಎಫ್8, ಎಚ್8 ಎಂಬ ಎರಡೇ ಮನೆಗಳು ಉಳಿದಿವೆ. ಅವನು ಮೂಲೆಗೆ ಸರಿದರೆ ಇನ್ನೊಂದು ಕುದುರೆಯು ಎಫ್7ಕ್ಕೆ ಬಂದು ಅವನನ್ನು ಕಟ್ಟಿಹಾಕುವುದು. ಎಫ್8ಕ್ಕೆ ಸರಿದರೆ ಅವನು ಪಾರಾಗುತ್ತಾನೆ. ಅವನನ್ನು ಮೂಲೆಯಲ್ಲಿಯೇ ಮೊದಲು ಸೆರೆಯಿಟ್ಟರೋ, ಎರಡನೆಯ ಕುದುರೆ ಬರುವ ಮುನ್ನವೇ ಕಪ್ಪಿನ ಸರದಿ ಬರುತ್ತದೆ. ಶಹವಿಲ್ಲ, ಆಡಲು ನಡೆಯೂ ಇಲ್ಲ. ಇದೇ ಸ್ಟೇಲ್‌ಮೇಟ್, ಆಟ ಸಮವಾಗುತ್ತದೆ.

ಈಗ ಕಪ್ಪಿಗೆ ಒಂದು ಕಾಲಾಳನ್ನು ಕೊಡೋಣ. ಕಪ್ಪು ರಾಜನು ಎಚ್8ರಲ್ಲಿಯೂ ಅವನ ಕಾಲಾಳು ಎ5ರಲ್ಲಿಯೂ ಇರಲಿ, ಬಿಳಿಯ ರಾಜನು ಎಚ್6ರಲ್ಲಿಯೂ ಕುದುರೆಗಳು ಎಫ್6, ಇ5ರಲ್ಲಿಯೂ ಇರಲಿ, ಸರದಿ ಕಪ್ಪಿನದು. ಚದುರಂಗದಲ್ಲಿ ಸರದಿಯನ್ನು ಬಿಟ್ಟುಕೊಡುವಂತಿಲ್ಲ. ಕಾಲಾಳು ಎ4ಕ್ಕೆ ನಡೆಯಲೇಬೇಕು. ಒಡನೆಯೇ ಎಫ್7ರಲ್ಲಿ ರಾಜನ ಕಥೆ ಮುಗಿಯುವುದು. ಒಂಟಿಯಾಗಿದ್ದಾಗ ಉಳಿಯುತ್ತಿದ್ದವನು ಸಹಾಯಕನಿರುವ ಕಾರಣದಿಂದಲೇ ಸೋತನು! ನಾವೂ ಇದನ್ನು ಮೊದಲು ಓದಿದಾಗ ನಂಬದೆ, ಕಾಯಿಗಳನ್ನು ಹೂಡಿ ನೋಡಿಯೇ ಒಪ್ಪಿದೆವು.

ಈ ಅಂತ್ಯಾಟವನ್ನು ಆಳವಾಗಿ ಶೋಧಿಸಿದವನು ರಷ್ಯದ ಅರಣ್ಯಾಧಿಕಾರಿ ಅಲೆಕ್ಸಿ ತ್ರೋಯಿತ್ಸ್ಕಿ (1866–1942). ಒಂದು ಕುದುರೆಯು ಕಾಲಾಳನ್ನು ತಡೆದು ನಿಲ್ಲಬೇಕು. ಇನ್ನೊಂದು ಕುದುರೆಯೂ ರಾಜನೂ ಕೂಡಿ ಎದುರಾಳಿಯನ್ನು ಮೂಲೆಗೆ ಅಟ್ಟಬೇಕು. ತಡೆದ ಕುದುರೆಯು ಕೊನೆಗೆ ಓಡಿಬಂದು ಹೊಡೆತಕ್ಕೆ ಸೇರಬೇಕು. ಕಪ್ಪು ಕಾಲಾಳು ಎ, ಡಿ, ಇ, ಎಚ್ ಸಾಲುಗಳಲ್ಲಿ 4ನ್ನೂ, ಸಿ, ಎಫ್‌ಗಳಲ್ಲಿ 5ನ್ನೂ, ಬಿ, ಜಿಗಳಲ್ಲಿ 6ನ್ನೂ ದಾಟುವ ಮುನ್ನವೇ ಕುದುರೆಯು ಅದನ್ನು ಭದ್ರವಾಗಿ ತಡೆದರೆ ಬಿಳಿಗೆ ಜಯವೆಂದು ಅವನು ಗೆರೆ ಎಳೆದನು. ಅದಕ್ಕೆ ಇಂದಿಗೂ ಅವನದೇ ಹೆಸರು.

ಮುತ್ತಿಗೆಗೆ ಸಿಕ್ಕಿದ ಲೆನಿನ್‌ಗ್ರಾಡಿನಲ್ಲಿ ತ್ರೋಯಿತ್ಸ್ಕಿಯು 1942ರಲ್ಲಿ ಹಸಿವಿನಿಂದ ಮಡಿದನು. ದಶಕಗಳ ಅನಂತರ ಗಣಕಯಂತ್ರಗಳು ಈ ಅಂತ್ಯಾಟದ ಸಕಲ ಸ್ಥಿತಿಗಳನ್ನೂ ಎಣಿಸಿ ನೋಡಿದುವು. ಕೈಯಿಂದ ಕಾಯಿ ಸರಿಸಿ ಅವನು ಕಂಡುಕೊಂಡುದು ಬಹುಮಟ್ಟಿಗೆ ಸರಿಯೆಂದೇ ತಿಳಿದುಬಂದಿತು. ಕೆಲವು ಸ್ಥಿತಿಗಳಲ್ಲಿ ಗೆಲುವಿಗೆ 115 ನಡೆಗಳವರೆಗೆ ಬೇಕಾಗುವುದೆಂದೂ ಅವು ತೋರಿಸಿದುವು. ಕಾಯಿ ಹೊಡೆಯದೆ, ಕಾಲಾಳು ನಡೆಸದೆ 50 ನಡೆಗಳು ಕಳೆದರೆ ಆಟ ಸಮವೆಂದು ಕೇಳಲು ಪಂದ್ಯದ ನಿಯಮವು ಅವಕಾಶ ಕೊಡುತ್ತದೆ. ಆದುದರಿಂದ ಮಣೆಯ ಮೇಲೆ ಗೆದ್ದ ಆಟವೂ ಪಂದ್ಯದಲ್ಲಿ ಗೆಲುವಾಗದೆ ಹೋಗಬಹುದು.